ಗೆರೆ ಎಳೆದವರು ಯಾರು?



ಸುಗ್ಗಿಯ ದಿನಗಳಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ದೊಡ್ಡ ರೈಸ್ ಮಿಲ್ಲೊಂದಕ್ಕೆ ಹೋದರೆ ಅಂಗಳದ ತುಂಬ ನೆಲ್ಲಿನ ಟ್ರಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಹಮಾಲರು ಚೀಲ ಇಳಿಸುತ್ತಿರುತ್ತಾರೆ. ಒಳಗೆ ಹೊಟ್ಟು ಬೇರೆಯಾಗಿ, ತೌಡು ಬೇರೆಯಾಗಿ, ನುಚ್ಚು ಬೇರೆಯಾಗಿ, ಕಡೆಗೆ ಉಳಿದ ಅಕ್ಕಿ ಎತ್ತರದ ಒಂದು ಯಂತ್ರದ ನೆತ್ತಿಗೆ ಏರುತ್ತದೆ. ಅದಕ್ಕೆ ನಮ್ಮ ಕಡೆಯವರು ಸಾರ್ಟೆಕ್ಸ್ ಅನ್ನುತ್ತಾರೆ. ಅಂಗಡಿಯಲ್ಲಿ ‘ಸಾರ್ಟೆಕ್ಸ್ ಅಕ್ಕಿ ಕೊಡ್ರಿ’ ಎಂದು ಕೇಳುವ ತಾಯಂದಿರಿಗೂ ಆ ಹೆಸರು ಗೊತ್ತು.

ಆ ಯಂತ್ರದೊಳಗೆ ನಡೆಯುವುದೇನು? ಇಳಿಜಾರಾದ ಲೋಹದ ಹಲಗೆಯ ಮೇಲೆ ಅಕ್ಕಿ ಒಂದೇ ಪದರವಾಗಿ ಜಾರಿ ಬರುತ್ತದೆ. ಹಲಗೆ ಮುಗಿದ ಕಡೆ ಕಾಳು ಗಾಳಿಯಲ್ಲಿ ಬೀಳುತ್ತದೆ. ಬೀಳುವಾಗ ಪ್ರಖರವಾದ ಬೆಳಕಿನಲ್ಲಿ ಹಿಂದೆ ಮುಂದೆ ಕ್ಯಾಮೆರಾಗಳು ಅದರ ಬಣ್ಣ ನೋಡುತ್ತವೆ. ಕಪ್ಪು ಚುಕ್ಕೆ ಇದ್ದದ್ದು, ಹಳದಿ ತಿರುಗಿದ್ದು, ಸಣ್ಣ ಕಲ್ಲು ಕಣ್ಣಿಗೆ ಬಿದ್ದರೆ ಕೆಳಗಿನ ಒಂದು ಸಣ್ಣ ಕವಾಟ ತೆರೆದು ಗಾಳಿ ಊದುತ್ತದೆ. ಆ ಒಂದು ಕಾಳು ಮಾತ್ರ ಪಕ್ಕಕ್ಕೆ ಹಾರಿ ಬೇರೆ ಡಬ್ಬಿಗೆ ಬೀಳುತ್ತದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಷ್ಟೂ ಮುಗಿದಿರುತ್ತದೆ, ಹಿಂದೆಯೇ ಸಾವಿರಾರು ಕಾಳು ಬರುತ್ತಿರುತ್ತವೆ. ಹಿಂದೆ ಇದೇ ಕೆಲಸವನ್ನು ಹೆಣ್ಣುಮಕ್ಕಳು ಮೊರ ಹಿಡಿದು, ನೆಲದ ಮೇಲೆ ಸಾಲಾಗಿ ಕೂತು, ಕಣ್ಣು ನೋಯುವ ತನಕ ಮಾಡುತ್ತಿದ್ದರು.

ನನ್ನ ಇವತ್ತಿನ ವಿಷಯ, ಈ ಕಾಲದ ಜಾಣ ಯಂತ್ರಗಳ ಬಗ್ಗೆ, ಅಂದರೆ ಸ್ಮಾರ್ಟ್ ತಯಾರಿಕೆಯ ಬಗ್ಗೆ, ಅದು ಸಮಾಜಕ್ಕೆ ಮಾಡುವ ಒಳ್ಳೆಯದು ಕೆಟ್ಟದ್ದರ ಬಗ್ಗೆ, ನಮ್ಮ ಶಾಲೆಯ ಮಕ್ಕಳಿಗೆ ಹೇಗೆ ಕಲಿಸಬೇಕು ಎನ್ನುವುದು. ಮಾತನ್ನು ಅಕ್ಕಿ ಮಿಲ್ಲಿನಿಂದ ಶುರುಮಾಡಲು ಕಾರಣವಿದೆ. ಈ ಪಾಠ ಹೇಳುವ ಪುಸ್ತಕಗಳು, ವಿಡಿಯೊಗಳು ಸಾಮಾನ್ಯವಾಗಿ ಜರ್ಮನಿಯ ಕಾರು ಕಾರ್ಖಾನೆಯಿಂದ, ಜಪಾನಿನ ರೋಬೊಟ್ ಕೈಯಿಂದ ಆರಂಭವಾಗುತ್ತವೆ. ನಮ್ಮ ಜಿಲ್ಲೆಯ ಮೋಕದ ಪ್ರೌಢಶಾಲೆಯಲ್ಲಿ ಕೂತ ಒಂಬತ್ತನೆಯ ತರಗತಿಯ ಹುಡುಗಿ ಅದನ್ನು ನೋಡಿ ಬೆರಗಾಗುತ್ತಾಳೆ, ಅದು ತನ್ನದಲ್ಲ, ಎಲ್ಲೋ ದೂರದ್ದು ಅಂದುಕೊಳ್ಳುತ್ತಾಳೆ. ಅವಳ ಮನೆಯ ನೆಲ್ಲು ಹೋಗುವ ಮಿಲ್ಲಿನಲ್ಲೇ ಅದೇ ಬಗೆಯ ಯಂತ್ರ ಓಡುತ್ತಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

ಜರ್ಮನಿಯ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 2011ರಲ್ಲಿ ಹ್ಯಾನೋವರ್ ನಗರದ ಕೈಗಾರಿಕಾ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂಬ ಹೆಸರು ಮೊದಲು ಜನರ ಕಿವಿಗೆ ಬಿತ್ತು. ಉಗಿ ಯಂತ್ರದ್ದು ಮೊದಲ ಕೈಗಾರಿಕಾ ಕ್ರಾಂತಿ, ವಿದ್ಯುತ್ತಿನದು ಎರಡನೆಯದು, ಕಂಪ್ಯೂಟರಿನದು ಮೂರನೆಯದು. ಯಂತ್ರಗಳು ತಮ್ಮ ಸ್ಥಿತಿಯನ್ನು ತಾವೇ ಅಳೆದು, ಒಂದಕ್ಕೊಂದು ತಿಳಿಸಿ, ತಾವೇ ತಿದ್ದಿಕೊಳ್ಳುವುದು ನಾಲ್ಕನೆಯದು ಎಂಬ ಲೆಕ್ಕ. ನಮ್ಮ ರಾಜ್ಯಕ್ಕೂ ಅದು ಬಂದಿದೆ. 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಬೆಂಗಳೂರಿನಲ್ಲಿ ಕರ್ನಾಟಕದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳೆಂದು ದೇಶಕ್ಕೆ ಸಮರ್ಪಿಸಿದರು. 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ, ಟಾಟಾ ಟೆಕ್ನಾಲಜೀಸ್ ಮುಂತಾದ ಕಂಪನಿಗಳ ಜೊತೆಗೂಡಿ, ರೋಬೊಟ್, ಕಂಪ್ಯೂಟರ್ ನಡೆಸುವ ಸಿಎನ್‌ಸಿ, ವಿದ್ಯುತ್ ವಾಹನದಂತಹ ಕೋರ್ಸುಗಳಿಗೆ ಬೇಕಾದ ಯಂತ್ರಗಳನ್ನು ತರಿಸಲಾಯಿತು. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಿಂದ ಆರನೆಯ ತರಗತಿಯಿಂದ ಹನ್ನೆರಡರವರೆಗಿನ ಮಕ್ಕಳಿಗೆ ಸೆನ್ಸರು, ಸಣ್ಣ ಮೋಟಾರು, ಅವನ್ನು ನಡೆಸುವ ಪುಟ್ಟ ಆರ್ಡುಯಿನೊ ಬೋರ್ಡು ಕೊಡುತ್ತಿದೆ. ಹಣ ಬಂದಿದೆ, ಯಂತ್ರ ಬಂದಿದೆ. ಪಾಠ ಇನ್ನೂ ಪೂರ್ತಿ ಬಂದಿಲ್ಲ ಎನ್ನುವುದು ನನ್ನ ತಕರಾರು.

ಯಾಕೆ ಹಾಗನ್ನುತ್ತೇನೆ? ಆ ಸಾರ್ಟೆಕ್ಸ್ ಯಂತ್ರಕ್ಕೇ ಮರಳೋಣ. ಕಾಳು ಎಷ್ಟು ಕಪ್ಪಾಗಿದ್ದರೆ ಹೊರಗೆ ಊದಬೇಕು? ಇದನ್ನು ಯಂತ್ರ ತಾನಾಗಿ ನಿರ್ಧರಿಸುವುದಿಲ್ಲ. ಆಪರೇಟರ್ ಪರದೆಯ ಮೇಲೆ ಒಂದು ಮಿತಿ ಇಡುತ್ತಾನೆ. ಮಿತಿ ಬಿಗಿ ಮಾಡಿದರೆ ಕಪ್ಪು ಕಾಳು ಪೂರ್ತಿ ಹೋಗುತ್ತದೆ, ಅದರ ಜೊತೆ ಒಳ್ಳೆಯ ಕಾಳೂ ಹೋಗುತ್ತದೆ. ಸಡಿಲ ಬಿಟ್ಟರೆ ಒಳ್ಳೆಯದು ಉಳಿಯುತ್ತದೆ, ಕಪ್ಪೂ ಉಳಿಯುತ್ತದೆ. ಎರಡರಲ್ಲೂ ನಷ್ಟವಿದೆ, ಆದರೆ ನಷ್ಟ ಬೇರೆ ಬೇರೆಯವರದು. ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂದು ತೀರ್ಮಾನಿಸಿದವರು ಮನುಷ್ಯರು. ಮಿಲ್ಲಿನ ಮಾಲೀಕರು ಇರಬಹುದು, ಅಕ್ಕಿ ಕೊಳ್ಳುವ ವ್ಯಾಪಾರಿ ಇರಬಹುದು. ಜಾಣ ಯಂತ್ರ ಎಷ್ಟೇ ಜಾಣವಾಗಲಿ, ಅದರೊಳಗೆ ಇಂಥದೊಂದು ಗೆರೆ ಇದ್ದೇ ಇರುತ್ತದೆ. ಯಂತ್ರ ಹೇಗೆ ನೋಡುತ್ತದೆ, ಹೇಗೆ ತೀರ್ಮಾನಿಸುತ್ತದೆ, ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಸುವುದು ಅರ್ಧ ಪಾಠ. ಗೆರೆ ಎಳೆದವರು ಯಾರು, ಅದರಿಂದ ಉಳಿದವರು ಯಾರು, ಹೊರಗೆ ಬಿದ್ದವರು ಯಾರು ಎಂದು ಕೇಳಲು ಕಲಿಸುವುದು ಉಳಿದರ್ಧ. ಆ ಉಳಿದರ್ಧವನ್ನು ಸಮಾಜ ವಿಜ್ಞಾನದ ಪಿರಿಯಡ್ಡಿಗೆ ತಳ್ಳಿ ಕೈತೊಳೆದುಕೊಳ್ಳಬಾರದು. ಅದೇ ಮೇಷ್ಟ್ರು, ಅದೇ ತರಗತಿಯಲ್ಲಿ, ಅದೇ ಯಂತ್ರದ ಮುಂದೆ ಹೇಳಬೇಕು.

ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಒಂದು ಬಟ್ಟಲು ಅಕ್ಕಿಗೆ ಒಂದು ಹಿಡಿ ನೆಲ್ಲು, ಸ್ವಲ್ಪ ಕಂದು ತಿರುಗಿದ ಅಕ್ಕಿ ಬೆರೆಸಿ ಮೇಜಿನ ಮೇಲೆ ಹರಡಿ. ಮೂವರು ಮಕ್ಕಳನ್ನು ಕರೆಯಿರಿ. ಒಬ್ಬಳು ಕ್ಯಾಮೆರಾ: ಕಾಳಿನ ಬಣ್ಣ ಎಷ್ಟು ಗಾಢವಾಗಿದೆ ಎಂದು ಒಂದರಿಂದ ಹತ್ತರೊಳಗಿನ ಅಂಕಿಯಾಗಿ ಹೇಳುವುದಷ್ಟೇ ಅವಳ ಕೆಲಸ. ಇನ್ನೊಬ್ಬ ಕಂಪ್ಯೂಟರ್: ಅಂಕಿ ಆರಕ್ಕಿಂತ ಹೆಚ್ಚಾದರೆ ‘ತೆಗಿ’ ಅನ್ನಬೇಕು, ಕಾಳನ್ನು ಅವನು ನೋಡುವಂತಿಲ್ಲ. ಮೂರನೆಯವನು ಗಾಳಿ: ‘ತೆಗಿ’ ಅಂದದ್ದನ್ನು ಪಕ್ಕಕ್ಕೆ ಹಾಕಬೇಕು. ನೂರು ಕಾಳು ಮುಗಿದ ಮೇಲೆ ಇಡೀ ತರಗತಿ ಲೆಕ್ಕ ಹಾಕಲಿ. ತಪ್ಪಿ ಹೊರಗೆ ಹೋದ ಒಳ್ಳೆಯ ಕಾಳು ಎಷ್ಟು, ತಪ್ಪಿಸಿಕೊಂಡು ಒಳಗೆ ಉಳಿದ ಕೆಟ್ಟ ಕಾಳು ಎಷ್ಟು? ಈಗ ಆರನ್ನು ನಾಲ್ಕಕ್ಕೆ ಇಳಿಸಿ ಮತ್ತೆ ಆಡಿಸಿ. ಅಂಕಿಗಳು ಬದಲಾಗುತ್ತವೆ. ಹುಡುಗರು ತಾವಾಗಿ ಜಗಳಕ್ಕೆ ಬೀಳುತ್ತಾರೆ, ‘ಇದು ಚೆನ್ನಾಗೈತಿ, ಯಾಕ್ ತೆಗೆದಿ?’ ಅನ್ನುತ್ತಾರೆ. ಆ ಜಗಳವೇ ಪಾಠ. ಸೆನ್ಸರು, ಪ್ರೋಗ್ರಾಮು, ಮೋಟಾರು ಎಂಬ ಮಾತುಗಳನ್ನು ಅದರ ಮೇಲೆ ಹೇಳಿದರೆ ಮರೆಯುವುದಿಲ್ಲ. ಶಾಲೆಯಲ್ಲಿ ಆರ್ಡುಯಿನೊ ಇದ್ದರೆ ಮುಂದಿನ ವಾರ ಬೆಳಕಿನ ಸೆನ್ಸರು ಜೋಡಿಸಿ ಇದನ್ನೇ ಮಾಡಿಸಬಹುದು. ಸಂಭವನೀಯತೆ ಎಂಬ ಗಣಿತದ ಅಧ್ಯಾಯ ಕೂಡ ಇಲ್ಲೇ ಜೀವ ತಳೆಯುತ್ತದೆ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಪ್ರಶ್ನೆ ಕೇಳಬೇಕು: ನಿಮ್ಮಪ್ಪ ನೆಲ್ಲು ಮಾರಲು ಹೋದಾಗ ಅಲ್ಲಿ ಯಾವ ಯಂತ್ರ ನೋಡಿದರು? ಅರ್ಧ ತರಗತಿ ಕೈ ಎತ್ತುತ್ತದೆ, ‘ತೇವಾಂಶ ನೋಡೋ ಮಿಷನ್ನು’ ಅನ್ನುತ್ತದೆ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವ ಭತ್ತಕ್ಕೆ ತೇವಾಂಶ ಶೇಕಡಾ 17 ಮೀರಬಾರದು ಎಂಬ ಮಿತಿ ಇದೆ. ಹಿಡಿಯಷ್ಟು ನೆಲ್ಲನ್ನು ಆ ಮಾಪಕಕ್ಕೆ ಹಾಕಿದ ಕೂಡಲೇ ಪರದೆಯಲ್ಲಿ ಮೂಡುವ ಅಂಕಿ ಒಂದು ಕುಟುಂಬದ ಆರು ತಿಂಗಳ ದುಡಿಮೆಯ ಬೆಲೆ ತೀರ್ಮಾನಿಸುತ್ತದೆ. ಅಲ್ಲೂ ಒಂದು ಗೆರೆ. ತೇವ ಹೆಚ್ಚಾದ ನೆಲ್ಲು ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಗೆರೆಗೆ ಕಾರಣವಿದೆ. ಆದರೆ ಮಾಪಕ ಸರಿಯಾಗಿದೆಯೇ, ಅದನ್ನು ಯಾರು ಯಾವಾಗ ಪರೀಕ್ಷಿಸಿದ್ದಾರೆ, ಅಂಕಿಯನ್ನು ರೈತನಿಗೆ ತೋರಿಸಿದರೇ ಎಂದು ಕೇಳಲು ಬರುವ ಮಗಳು ಮನೆಯಲ್ಲಿ ಇದ್ದರೆ ಅಪ್ಪನ ಬಲ ಎಷ್ಟು ಹೆಚ್ಚುತ್ತದೆ ಯೋಚಿಸಿ.

ಇನ್ನು ಬಳ್ಳಾರಿಯ ಜೀನ್ಸಿಗೆ ಬರೋಣ. ಈ ವಿಷಯದಲ್ಲಿ ನನಗೆ ಮನಸ್ಸು ಸ್ವಲ್ಪ ಭಾರವಾಗುತ್ತದೆ, ಯಾಕೆಂದರೆ ಇಲ್ಲಿ ಗೆರೆಯ ಆಚೆ ಬೀಳುವುದು ಮನುಷ್ಯರು.

ಬಳ್ಳಾರಿ ಪ್ಯಾಂಟು ದೇಶದೆಲ್ಲೆಡೆ ಹೋಗುತ್ತದೆ. ನೂರಾರು ಸಣ್ಣ ಘಟಕಗಳು. ಬಟ್ಟೆ ಕತ್ತರಿಸುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು, ಕಾಜಾ ಬಟನ್ ಮಾಡುವವರು ಮತ್ತೊಬ್ಬರು, ವಾಷಿಂಗ್ ಘಟಕ ಇನ್ನೊಂದು ಕಡೆ. ಹೊಲಿದ ಮೇಲೆ ಉಳಿಯುವ ದಾರದ ತುದಿ ಕತ್ತರಿಸುವ ಕೆಲಸ ಎಷ್ಟೋ ಮನೆಗಳ ಜಗುಲಿಗೆ ಬರುತ್ತದೆ. ಅಡುಗೆ ಮುಗಿಸಿದ ಅಕ್ಕಂದಿರು, ಅಜ್ಜಿಯರು ಕೂತು ಕತ್ತರಿಸುತ್ತಾರೆ. ಪೀಸಿಗೆ ಇಷ್ಟು ಎಂಬ ಕೂಲಿ. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ಹೊಸ ಜೀನ್ಸನ್ನು ಹಳೆಯದರಂತೆ ಸವೆದು ಕಾಣುವ ಹಾಗೆ ಮಾಡುವುದು ಈ ಉದ್ಯಮದ ದೊಡ್ಡ ಕೆಲಸ. ಮರಳು ಕಾಗದದಿಂದ ಕೈಯಲ್ಲಿ ಉಜ್ಜುತ್ತಾರೆ, ರಾಸಾಯನಿಕ ಸಿಂಪಡಿಸುತ್ತಾರೆ. ಬೇರೆ ದೇಶಗಳಲ್ಲಿ ಒತ್ತಡದ ಗಾಳಿಯಲ್ಲಿ ಮರಳನ್ನೇ ಚಿಮ್ಮಿಸುತ್ತಿದ್ದರು. ಟರ್ಕಿಯಲ್ಲಿ ಆ ಕೆಲಸ ಮಾಡಿದ ಹುಡುಗರ ಶ್ವಾಸಕೋಶಕ್ಕೆ ಸಿಲಿಕಾ ದೂಳು ಸೇರಿ ಸಿಲಿಕೋಸಿಸ್ ಬಂತು, ಎಳೆಯ ವಯಸ್ಸಿನಲ್ಲಿ ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಈಗ ಅದೇ ಸವೆತವನ್ನು ಲೇಸರ್ ಕಿರಣದಿಂದ ಮಾಡುವ ಯಂತ್ರ ಬಂದಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಸಾಕು, ಲೇಸರ್ ಬಟ್ಟೆಯ ಮೇಲ್ಪದರವನ್ನು ತೆಳ್ಳಗೆ ಸುಟ್ಟು ಆ ಚಿತ್ರ ಮೂಡಿಸುತ್ತದೆ. ಮರಳಿನ ದೂಳಿಲ್ಲ, ರಾಸಾಯನಿಕ ಬಹಳ ಕಡಿಮೆ. ಅಮೆರಿಕದ ಲೀವೈಸ್ ಕಂಪನಿ 2018ರಲ್ಲಿ ಈ ಪದ್ಧತಿಯನ್ನು ಪ್ರಕಟಿಸಿದಾಗ ಒಂದು ಲೆಕ್ಕ ಕೊಟ್ಟಿತು: ಕೈಯಲ್ಲಿ ಗಂಟೆಗೆ ಎರಡು ಮೂರು ಪ್ಯಾಂಟು ಆಗುತ್ತಿದ್ದ ಕೆಲಸ ಲೇಸರಿನಲ್ಲಿ ಪ್ಯಾಂಟಿಗೆ 90 ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದು.

ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆಸಿ. 90 ಸೆಕೆಂಡಿಗೆ ಒಂದಾದರೆ ಗಂಟೆಗೆ 40, ಎಂಟು ಗಂಟೆಗೆ 320. ಕೈಯಲ್ಲಿ ಮಾಡುವವರು ಎಂಟು ಗಂಟೆಗೆ 16ರಿಂದ 24. ಹಾಗಾದರೆ ಒಂದು ಲೇಸರ್ ಎಷ್ಟು ಜನರ ಕೆಲಸ ಮಾಡಿತು? ಹದಿಮೂರರಿಂದ ಇಪ್ಪತ್ತು ಜನರದು. ಏಳನೆಯ ತರಗತಿಯ ಮಕ್ಕಳೂ ಇದನ್ನು ಮಾಡಬಲ್ಲರು. ಆಮೇಲೆ ಕೇಳಿ: ಈ ಯಂತ್ರ ಬಳ್ಳಾರಿಗೆ ಬರಬೇಕೋ ಬೇಡವೋ? ಒಬ್ಬ ಹುಡುಗ ‘ಬರಲಿ ಸಾರ್, ಎದೆರೋಗ ಬರೋದಿಲ್ಲ’ ಅಂದರೆ ಅವನು ಹೇಳಿದ್ದು ನಿಜ. ಒಬ್ಬಳು ‘ನಮ್ಮಮ್ಮನ ಕೆಲಸ ಹೋಗ್ತದಲ್ಲ’ ಅಂದರೆ ಅದೂ ನಿಜ. ಮೇಷ್ಟ್ರು ಅವಸರದಲ್ಲಿ ಒಂದು ಉತ್ತರ ಬರೆಸಿ ಮುಗಿಸಬಾರದು. ಎರಡೂ ನಿಜಗಳನ್ನು ಇಟ್ಟುಕೊಂಡು ‘ಹಾಗಾದರೆ ಏನು ಮಾಡಬಹುದು?’ ಎಂದು ಮುಂದೆ ನಡೆಸಬೇಕು. ಯಂತ್ರ ತರುವ ಮೊದಲೇ ಆ ಕೆಲಸದಲ್ಲಿರುವವರಿಗೆ ಲೇಸರಿನ ಚಿತ್ರ ಬರೆಯಲು ತರಬೇತಿ ಕೊಡಬಹುದೇ? ಯಂತ್ರದಿಂದ ಉಳಿಯುವ ಹಣದಲ್ಲಿ ಪಾಲು ಅವರಿಗೂ ಸೇರಬೇಕಲ್ಲವೇ? ವಾಷಿಂಗ್ ಘಟಕದ ನೀಲಿ ನೀರು ಹೋಗುವ ಜಾಗದ ಜನಕ್ಕೆ ಏನು ಲಾಭ?

ಇಂಥ ಪ್ರಶ್ನೆಗಳನ್ನು ಕೇಳಿದ ದುಡಿಯುವ ಜನ ನಮ್ಮ ದೇಶದಲ್ಲೇ ಇದ್ದರು. ಛತ್ತೀಸಗಡದ ದಲ್ಲಿ ರಾಜಹರಾದ ಕಬ್ಬಿಣದ ಅದಿರು ಗಣಿಗಳಲ್ಲಿ 1977ರಲ್ಲಿ ಕಟ್ಟಿದ ಕಾರ್ಮಿಕ ಸಂಘ, ಶಂಕರ್ ಗುಹಾ ನಿಯೋಗಿ ಅವರ ನಾಯಕತ್ವದಲ್ಲಿ, ಭಿಲಾಯಿ ಉಕ್ಕು ಕಾರ್ಖಾನೆ ಗಣಿಯನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸಲು ಹೊರಟಾಗ ಬರೀ ‘ಬೇಡ’ ಎನ್ನಲಿಲ್ಲ. ಯಾವ ಕೆಲಸಕ್ಕೆ ಯಂತ್ರ, ಯಾವುದಕ್ಕೆ ಕೈ ಎಂದು ಲೆಕ್ಕ ಸಮೇತ ಅರೆ ಯಾಂತ್ರೀಕರಣದ ಯೋಜನೆಯನ್ನೇ ಮುಂದಿಟ್ಟಿತು. ಓದುಬರಹ ಹೆಚ್ಚು ಬಾರದ ಗಣಿ ಕೂಲಿಗಳು ಯಂತ್ರವನ್ನು ಅಷ್ಟು ಆಳವಾಗಿ ಅಭ್ಯಾಸ ಮಾಡಿದ್ದರು. ಅದಿರಿನ ಗುಡ್ಡಗಳ ನೆರಳಲ್ಲೇ ಬೆಳೆಯುವ ನಮ್ಮ ಮಕ್ಕಳಿಗೆ ಈ ಪ್ರಸಂಗ ಗೊತ್ತಿರಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಮಾಲೀಕರಿಂದ ಹಿಡಿದು ರಸ್ತೆ ಬದಿಯ ಚಹಾದಂಗಡಿಯವರ ತನಕ ಎಷ್ಟು ಜನ ಒಂದೇ ಸಲಕ್ಕೆ ಖಾಲಿ ಕೈಯಾದರು ಎನ್ನುವುದು ಅವರ ಮನೆಗಳಲ್ಲಿ ಇನ್ನೂ ನೆನಪಿದೆ. ಆ ಗಣಿಗಾರಿಕೆ ನಿಲ್ಲಬೇಕಿತ್ತು. ನಿಂತಾಗ ಕೂಲಿಯವರ ಕೈ ಹಿಡಿಯುವ ಯೋಚನೆ ಮೊದಲೇ ಇರಬೇಕಿತ್ತು. ಒಂದು ಉದ್ಯೋಗದ ಮೇಲೆ ಇಡೀ ಊರು ನಿಂತಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ದೇಶದ ಉದಾಹರಣೆ ನಮಗೆ ಬೇಕಿಲ್ಲ.

ಅದಿರಿನ ಮಾತು ಬಂದ ಮೇಲೆ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಬಗ್ಗೆ ಒಂದೆರಡು ಮಾತು. ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ತಯಾರಿಸುವ ಸಾಮರ್ಥ್ಯದ ಜಾಗ ಅದು. ಊದುಕುಲುಮೆಯೊಳಗೆ ನಡೆಯುವುದನ್ನು ಪೂರ್ತಿ ಕಣ್ಣಾರೆ ನೋಡಲು ಯಾರಿಗೂ ಸಾಧ್ಯವಿಲ್ಲ. ಕುಲುಮೆಯ ಮೈ ತುಂಬ ಇಟ್ಟ ಸೆನ್ಸರುಗಳು ಶಾಖ, ಒತ್ತಡ, ಅನಿಲದ ಪ್ರಮಾಣ ಹೇಳುತ್ತಿರುತ್ತವೆ. ಕಂಟ್ರೋಲ್ ರೂಮಿನಲ್ಲಿ ಕೂತವರು ಆ ಅಂಕಿಗಳನ್ನು ಓದಿ ಒಳಗಿನ ಸ್ಥಿತಿ ತಿಳಿಯುತ್ತಾರೆ. ಆ ಕುರ್ಚಿಯಲ್ಲಿ ಮೋಕದ, ಕುರುಗೋಡಿನ ಮಕ್ಕಳು ಕೂರಬೇಕು ಎಂಬುದು ನನ್ನ ಆಸೆ. ಕಲ್ಯಾಣ ಕರ್ನಾಟಕದ ನಮಗೆ ಸಂವಿಧಾನದ 371ಜೆ ವಿಧಿ ಇದೆ. ಸರ್ಕಾರಿ ಹುದ್ದೆಗೆ, ಕಾಲೇಜಿನ ಸೀಟಿಗೆ ಅದು ದಾರಿ ಮಾಡಿಕೊಟ್ಟಿದೆ. ಖಾಸಗಿ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಅದು ಕರೆದೊಯ್ಯುವುದಿಲ್ಲ, ಕಲಿಕೆಯೇ ಕರೆದೊಯ್ಯಬೇಕು. ಆ ಕಲಿಕೆ ಕನ್ನಡದಲ್ಲಿ ಶುರುವಾಗಬೇಕು. ಆಂಧ್ರದ ಗಡಿಯ ಈ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಎರಡು ಭಾಷೆಯನ್ನು ಸಲೀಸಾಗಿ ಆಡುವ ಮಗುವಿಗೆ ಮೂರನೆಯದಾಗಿ ಯಂತ್ರದ ಇಂಗ್ಲಿಷ್ ಕಷ್ಟವಲ್ಲ. ಅರ್ಥ ಮೊದಲು ತನ್ನ ಮಾತಿನಲ್ಲಿ ಕೂತಿರಬೇಕು, ಅಷ್ಟೇ.

ಹೊಲಿಗೆಯ ಸಾಲಿಗೂ ಸೆನ್ಸರು ಬಂದಾಗ ಏನಾಗುತ್ತದೆ ಎನ್ನುವುದನ್ನೂ ಹೇಳಲೇಬೇಕು. ದೊಡ್ಡ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಟ್ಟೆಯ ಬಂಡಲಿಗೆ ಎಲೆಕ್ಟ್ರಾನಿಕ್ ಚೀಟಿ ಕಟ್ಟಿ, ಯಾವ ಕೈಯಲ್ಲಿ ಎಷ್ಟು ನಿಮಿಷಕ್ಕೆ ಎಷ್ಟು ಪೀಸು ಆಯಿತು ಎಂದು ಎಣಿಸುವ ಪದ್ಧತಿ ಬಂದಿದೆ. ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಅದು ಒಳ್ಳೆಯ ಉಪಾಯ. ಅದೇ ಎಣಿಕೆಯಿಂದ ‘ಟಾರ್ಗೆಟ್’ ಹೆಚ್ಚಿಸಿ, ಹೆಣ್ಣುಮಗಳೊಬ್ಬಳು ನೀರು ಕುಡಿಯಲು ಎದ್ದ ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಲೂಬಹುದು. ಅಕ್ಕಿಯ ಮೇಲಿನ ಗೆರೆ ಇಲ್ಲಿ ಮನುಷ್ಯರ ಮೇಲೆ ಬಿತ್ತು. 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿ ಒಂದು ಕಾನೂನು ತಂದಿತು. ಆಹಾರ, ಸಾಮಾನು ತಲುಪಿಸುವ ಹುಡುಗರ ಕೆಲಸವನ್ನು ಮೊಬೈಲಿನ ತಂತ್ರಾಂಶ ಹೇಗೆ ಅಳೆಯುತ್ತದೆ, ಹೇಗೆ ತೀರ್ಮಾನಿಸುತ್ತದೆ ಎಂದು ಕಂಪನಿ ಅವರಿಗೆ ತಿಳಿಸಬೇಕು ಎಂಬ ಮಾತು ಅದರಲ್ಲಿದೆ. ಕಾರ್ಖಾನೆಯೊಳಗೆ ದುಡಿಯುವವರಿಗೂ ಈ ಹಕ್ಕು ಬರಬೇಕು ಎಂದು ನಾನು ನಂಬುತ್ತೇನೆ. ನಾಳೆ ಆ ಹಕ್ಕನ್ನು ಕೇಳುವವರು, ಅಥವಾ ಎಂಜಿನಿಯರ್ ಆಗಿ ಆ ಎಣಿಕೆಯ ಯಂತ್ರವನ್ನು ಮನುಷ್ಯರಿಗೆ ಹೊಂದುವಂತೆ ಕಟ್ಟುವವರು, ಇವತ್ತು ನಮ್ಮ ಬೆಂಚುಗಳ ಮೇಲೆ ಕೂತಿದ್ದಾರೆ.

ಸೆನ್ಸರು ಕಾಯುವ ಕೆಲಸಕ್ಕೂ ಬರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ನಮ್ಮ ಜಿಲ್ಲೆಯಲ್ಲೇ ಜಾಗವಿದೆ. 2022ರ ಕೊನೆಯಲ್ಲಿ ಭೈರದೇವನಹಳ್ಳಿಯ ಹತ್ತಿರ ವೇದಾವತಿ ನದಿಯ ಮೇಲಿನ, ತುಂಗಭದ್ರಾ ಕೆಳಮಟ್ಟದ ಕಾಲುವೆ ಅಂದರೆ ಎಲ್‌ಎಲ್‌ಸಿ ಮೇಲ್ಗಾಲುವೆಯ ಕಂಬ ಹಾನಿಗೊಂಡು, ಬೆಳೆ ನಿಂತಿದ್ದ ಹೊತ್ತಿನಲ್ಲಿ ಕಾಲುವೆಯ ನೀರು ನಿಲ್ಲಿಸಿ ದುರಸ್ತಿ ಮಾಡಬೇಕಾಯಿತು. ಕಂಬ ವಾಲುವುದನ್ನು, ನಡುಗುವುದನ್ನು ಅಳೆಯುವ ಸಣ್ಣ ಸೆನ್ಸರುಗಳು ಈಗ ಸಿಗುತ್ತವೆ. ಎಷ್ಟು ವಾಲಿದರೆ ಎಚ್ಚರಿಕೆಯ ಗಂಟೆ ಬಾರಿಸಬೇಕು ಎಂದು ಯೋಚಿಸಲು ಮಕ್ಕಳಿಗೆ ಬಿಡಿ. ಬಹಳ ಬೇಗ ಬಾರಿಸಿದರೆ ಸುಮ್ಮನೆ ನೀರು ನಿಂತು ರೈತ ಬೈಯುತ್ತಾನೆ. ತಡವಾಗಿ ಬಾರಿಸಿದರೆ ಕಂಬವೇ ಇರುವುದಿಲ್ಲ.

ಕಡೆಗೆ ಒಂದು ಬೇಡಿಕೆ. ಹಗರಿಯ ಕೃಷಿ ಸಂಶೋಧನಾ ಕೇಂದ್ರ 1906ರಿಂದ ಈ ಕಪ್ಪು ನೆಲದಲ್ಲಿ ಪ್ರಯೋಗ ಮಾಡುತ್ತ ಬಂದಿದೆ, ಪ್ರಯೋಗ ನೋಡಿ ಕಲಿಯುವುದು ನಮ್ಮ ರೈತರಿಗೆ ಹೊಸದಲ್ಲ. ಮಕ್ಕಳಿಗೂ ಹಾಗೆ ಕಣ್ಣಾರೆ ಕಲಿಯುವ ಅವಕಾಶ ಬೇಕು. ಸಿರುಗುಪ್ಪ, ಬಳ್ಳಾರಿ, ಕುರುಗೋಡಿನ ಮಿಲ್ ಮಾಲೀಕರೇ, ಜೀನ್ಸ್ ಘಟಕಗಳ ಯಜಮಾನರೇ, ವರ್ಷಕ್ಕೆ ಒಂದು ದಿನ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ನಿಮ್ಮ ಬಾಗಿಲು ತೆರೆಯಿರಿ. ಬೆಲ್ಟು ತಿರುಗುವ ಕಡೆಯಿಂದ ದೂರ ನಿಲ್ಲಿಸಿ, ಮೂಗಿಗೆ ಮಾಸ್ಕು ಕೊಡಿ, ಆಪರೇಟರ್ ಬಾಯಿಂದಲೇ ಯಂತ್ರದ ವಿವರ ಹೇಳಿಸಿ; ಹತ್ತಾರು ವರ್ಷ ಅದರ ಜೊತೆ ಬದುಕಿದವರಷ್ಟು ಚೆನ್ನಾಗಿ ಹೇಳಬಲ್ಲವರು ಬೇರೆ ಇಲ್ಲ. ಮೇಷ್ಟ್ರುಗಳೇ, ಮಕ್ಕಳು ಅಲ್ಲಿ ಕೇಳುವ ಪ್ರಶ್ನೆಗಳನ್ನು ತಡೆಯಬೇಡಿ. ಕೂಲಿ ಎಷ್ಟು ಎಂದು ಕೇಳಿದರೂ ತಡೆಯಬೇಡಿ. ಆ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ವಾರದ ಪಾಠ ಅಲ್ಲಿಂದಲೇ ಶುರುಮಾಡಿ.